ಕಡಲಿನ ಮೇಲೆ ಗೆರೆ ಎಳೆದವರು ಯಾರು?

2018ರ ಡಿಸೆಂಬರ್ 13ರ ರಾತ್ರಿ. ಮಲ್ಪೆ ಬಂದರಿನಿಂದ ಒಂದು ಬೋಟು ಆಳಸಮುದ್ರ ಮೀನುಗಾರಿಕೆಗೆ ಹೊರಟಿತು. ಹೆಸರು ಸುವರ್ಣ ತ್ರಿಭುಜ. ಬೋಟಿನಲ್ಲಿ ಏಳು ಜನ. ಇಬ್ಬರು ಉಡುಪಿ ಕಡೆಯವರು, ಐವರು ಉತ್ತರ ಕನ್ನಡದವರು. ಎರಡು ದಿನ ಬೇರೆ ಬೋಟುಗಳ ಜೊತೆ ಸಂಪರ್ಕ ಇತ್ತು. 15ರ ನಡುರಾತ್ರಿ ದಾಟಿದ ಮೇಲೆ ಸದ್ದಿಲ್ಲ. ಫೋನಿಲ್ಲ, ವೈರ್‌ಲೆಸ್ ಇಲ್ಲ, ಏನೂ ಇಲ್ಲ.

ಆ ಸುದ್ದಿಯನ್ನು ನಾವೆಲ್ಲ ವಾರಗಟ್ಟಲೆ ಓದಿದ್ದೇವೆ. ನಿಮಗೆ ನೆನಪಿರಬಹುದು, ಟಿವಿ ಪರದೆ ಮೇಲೆ ಒಂದು ಭೂಪಟ ಬರ್ತಾ ಇತ್ತು. ಬಲಕ್ಕೆ ಕರ್ನಾಟಕ, ಗೋವಾ, ಮಹಾರಾಷ್ಟ್ರದ ಕರಾವಳಿ. ಎಡಕ್ಕೆ ಬರೀ ನೀಲಿ. ಆ ನೀಲಿಯ ಮಧ್ಯೆ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಅಷ್ಟೇ. ಅದಕ್ಕಿಂತ ಹೆಚ್ಚು ತೋರಿಸೋದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ನಮ್ಮ ಹತ್ತಿರ ಮಾತ್ರ ಅಲ್ಲ, ಸರ್ಕಾರದ ಹತ್ತಿರವೂ ಇರಲಿಲ್ಲ. ನೌಕಾಪಡೆ ಹುಡುಕಿತು, ಕೋಸ್ಟ್ ಗಾರ್ಡ್ ಹುಡುಕಿತು, ಮೀನುಗಾರರೇ ಬೋಟು ಕಟ್ಟಿಕೊಂಡು ಹುಡುಕಿದರು. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಇಳಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ನಮ್ಮವರು ಎಲ್ಲಿ?

ಉತ್ತರ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಮಹಾರಾಷ್ಟ್ರದ ಮಾಲ್ವಣ್ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, ಸಮುದ್ರದ ತಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆಯ ಐಎನ್ಎಸ್ ನಿರೀಕ್ಷಕ್ ಪತ್ತೆ ಹಚ್ಚಿತು. ಏಳು ಜನ ಮಾತ್ರ ಮನೆಗೆ ಬರಲಿಲ್ಲ.

ಈಗ ಯೋಚನೆ ಮಾಡಿ. ಬೆಂಗಳೂರಿನಲ್ಲಿ ಒಂದು ಮಸಾಲೆ ದೋಸೆ ಆರ್ಡರ್ ಮಾಡಿದರೆ, ಅದನ್ನು ತರುವ ಹುಡುಗ ಯಾವ ಸಿಗ್ನಲ್‌ನಲ್ಲಿ ನಿಂತಿದ್ದಾನೆ ಅಂತ ನಮ್ಮ ಮೊಬೈಲ್‌ನಲ್ಲಿ ಕಾಣಿಸುತ್ತೆ. ಏಳು ಜನ ಇದ್ದ ಬೋಟು ಎಲ್ಲಿದೆ ಅಂತ ನಾಲ್ಕೂವರೆ ತಿಂಗಳು ಯಾರಿಗೂ ಕಾಣಿಸಲಿಲ್ಲ. ಯಾಕೆ? ನೆಲದ ಮೇಲೆ ಇಂಚಿಂಚಿಗೂ ಸರ್ವೆ ನಂಬರ್ ಇದೆ, ಪಹಣಿ ಇದೆ. ಕಡಲಿಗೆ ಪಹಣಿ ಇಲ್ಲವಾ? ಇದೆ ಅಂತಾದರೆ ಅದನ್ನು ಬರೆದವರು ಯಾರು, ಯಾರಿಗೋಸ್ಕರ ಬರೆದರು? ಇದಕ್ಕೆ ಉತ್ತರ ಬೇಕಾದರೆ ಐದು ನೂರು ವರ್ಷ ಹಿಂದಕ್ಕೆ ಹೋಗಬೇಕು.

1494. ಸ್ಪೇನ್ ಮತ್ತು ಪೋರ್ಚುಗಲ್ ಸೇರಿ ಟೊರ್ಡೆಸಿಲಾಸ್ ಎಂಬ ಊರಿನಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಅಟ್ಲಾಂಟಿಕ್ ಸಾಗರದ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಒಂದು ಗೆರೆ. ಆ ಕಡೆಯದು ನಿನಗೆ, ಈ ಕಡೆಯದು ನನಗೆ. ಪ್ರಪಂಚದ ಉಳಿದವರನ್ನು ಯಾರೂ ಕೇಳಲಿಲ್ಲ. ನಾಲ್ಕೇ ವರ್ಷದಲ್ಲಿ ವಾಸ್ಕೋ ಡ ಗಾಮ ನಮ್ಮ ಪಶ್ಚಿಮ ಕರಾವಳಿಗೆ ಬಂದ. ಅವನ ಹಿಂದೆಯೇ ಬಂದದ್ದು ಒಂದು ಕಾಗದ. ಅದರ ಹೆಸರು ಕಾರ್ತಾಜ್. ಅಂದರೆ ಪಾಸು. ಅರಬ್ಬಿ ಸಮುದ್ರದಲ್ಲಿ ವ್ಯಾಪಾರದ ಹಡಗು ಹೋಗಬೇಕಾದರೆ ಪೋರ್ಚುಗೀಸರಿಂದ ಆ ಪಾಸು ತಗೋಬೇಕು, ಅವರ ಕೋಟೆಯಲ್ಲಿ ಸುಂಕ ಕಟ್ಟಬೇಕು. ಪಾಸಿಲ್ಲದ ಹಡಗು ಸಿಕ್ಕರೆ ಮಾಲು ಸಮೇತ ಜಪ್ತಿ.

ಸಾವಿರಾರು ವರ್ಷದಿಂದ ಕಾಳುಮೆಣಸು, ಅಕ್ಕಿ ತುಂಬಿಕೊಂಡು ಅರಬರ ದೇಶಕ್ಕೆ ಹೋಗಿ ಬರುತ್ತಿದ್ದ ಕರಾವಳಿ ಇದು. ನಮ್ಮದೇ ನೀರಿನಲ್ಲಿ ನಾವು ಓಡಾಡೋದಕ್ಕೆ ಇವರ ಚೀಟಿ ಯಾಕೆ ಬೇಕು? ಉಳ್ಳಾಲದ ರಾಣಿ ಅಬ್ಬಕ್ಕ ಕತ್ತಿ ಹಿಡಿದದ್ದರ ಹಿಂದೆ ಇದ್ದದ್ದೂ ಇದೇ ಪ್ರಶ್ನೆ. ಕಪ್ಪ ಕೊಡಲ್ಲ, ಯಾರ ಜೊತೆ ವ್ಯಾಪಾರ ಮಾಡಬೇಕು ಅಂತ ನೀವು ಹೇಳಬೇಡಿ ಅನ್ನೋದೇ ಆಕೆಯ ಹಠ. ಅಬ್ಬಕ್ಕನ ಕಥೆಯನ್ನು ನಾವು ನೆಲದ ಕಥೆ ಥರ ಹೇಳ್ತೀವಿ. ಅದು ಕಡಲಿನ ಕಥೆ ಕೂಡ.

ಹಾಗಾದರೆ ಕಡಲು ಯಾರದ್ದು? ಯುರೋಪಿನಲ್ಲಿ ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು 1603ರಲ್ಲಿ. ಈಗಿನ ಸಿಂಗಾಪುರದ ಹತ್ತಿರ ಡಚ್ಚರು ಒಂದು ಪೋರ್ಚುಗೀಸ್ ಹಡಗನ್ನು ಹಿಡಿದು ಲೂಟಿ ಮಾಡಿದರು. ಅದನ್ನು ಸಮರ್ಥನೆ ಮಾಡಬೇಕಿತ್ತು. ಹ್ಯೂಗೋ ಗ್ರೋಶಿಯಸ್ ಎಂಬ ಯುವ ವಕೀಲನಿಗೆ ಆ ಕೆಲಸ ಕೊಟ್ಟರು. ಆತ ಬರೆದ ವಾದದ ಒಂದು ಭಾಗ 1609ರಲ್ಲಿ ಪುಸ್ತಕವಾಗಿ ಬಂತು. ತಿರುಳು ಇಷ್ಟೇ: ಕಡಲನ್ನು ಯಾರೂ ಬೇಲಿ ಹಾಕಿ ಇಟ್ಟುಕೊಳ್ಳೋಕೆ ಆಗಲ್ಲ, ಅದು ಎಲ್ಲರದ್ದು. ಕೇಳೋದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಇದನ್ನು ಬರೆಸಿದ್ದು ಒಂದು ವ್ಯಾಪಾರದ ಕಂಪನಿಯ ಹಿತ. ಮುಂದೆ ಅದೇ ಡಚ್ಚರು ಇಂಡೋನೇಷ್ಯಾದ ಮಸಾಲೆ ದ್ವೀಪಗಳಲ್ಲಿ ಬೇರೆಯವರ ಹಡಗು ಸುಳಿಯದ ಹಾಗೆ ನೋಡಿಕೊಂಡರು. 1635ರಲ್ಲಿ ಇಂಗ್ಲೆಂಡಿನ ಜಾನ್ ಸೆಲ್ಡನ್ ಇದಕ್ಕೆ ತಿರುಗೇಟು ಕೊಟ್ಟ. ಕಡಲಿಗೂ ಒಡೆಯ ಇರಬಹುದು, ನಮ್ಮ ಸುತ್ತಲಿನ ಕಡಲು ನಮ್ಮ ರಾಜನದ್ದು ಅಂತ. ಆ ಜಗಳದ ಹಿಂದೆಯೂ ಇದ್ದದ್ದು ಮೀನು. ಇಂಗ್ಲೆಂಡಿನ ತೀರದಲ್ಲಿ ಡಚ್ಚರು ಹೆರಿಂಗ್ ಮೀನು ಹಿಡಿಯುತ್ತಿದ್ದರು.

ಕೊನೆಗೆ ರಾಜಿ ಹೇಗಾಯಿತು ಗೊತ್ತಾ? ಫಿರಂಗಿಯಿಂದ! ದಡದಲ್ಲಿ ನಿಂತು ಹೊಡೆದ ಗುಂಡು ಎಷ್ಟು ದೂರ ಹೋಗುತ್ತೋ ಅಷ್ಟು ನೀರು ಆ ದೇಶದ್ದು. 18ನೇ ಶತಮಾನದ ಹೊತ್ತಿಗೆ ಇದು ಮೂರು ನಾಟಿಕಲ್ ಮೈಲಿ ಅಂತ ಲೆಕ್ಕಕ್ಕೆ ಬಂತು. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಅಂದರೆ ಐದೂವರೆ ಕಿಲೋಮೀಟರ್ ದಾಟಿದರೆ ಕಡಲು ಎಲ್ಲರದ್ದು, ಅಥವಾ ಯಾರದ್ದೂ ಅಲ್ಲ. ಇನ್ನೂರು ವರ್ಷ ಜಗತ್ತು ಈ ನಿಯಮದ ಮೇಲೆ ನಡೀತು. ನಿಯಮದ ಹಿಂದಿನ ತರ್ಕವನ್ನು ಮಾತ್ರ ಗಮನಿಸಿ. ಯಾರು ಕಾಯಬಲ್ಲರೋ ಅವರದ್ದೇ ನೀರು. ಹೊಡೆಯುವ ಶಕ್ತಿ ಎಲ್ಲಿಯವರೆಗೋ ಗೆರೆ ಅಲ್ಲಿಯವರೆಗೆ.

ಇದೆಲ್ಲ ರಾಜರ ಗೆರೆ ಆಯಿತು. ನಮ್ಮ ಮೀನುಗಾರರ ಹತ್ತಿರ ನಕ್ಷೆ ಇರಲಿಲ್ಲವಾ? ಇತ್ತು. ಕಾಗದದ ಮೇಲೆ ಇರಲಿಲ್ಲ, ತಲೆಯಲ್ಲಿತ್ತು. ನಾಡದೋಣಿಯವರು ದಡದ ಕಡೆ ತಿರುಗಿ ನೋಡ್ತಾರೆ. ಮುಂದಿರುವ ತೆಂಗಿನ ತೋಪು ಅಥವಾ ದೇವಸ್ಥಾನ ಹಿಂದಿನ ಗುಡ್ಡಕ್ಕೆ ನೇರವಾಗಿ ಕೂತರೆ ಒಂದು ಗೆರೆ. ಇನ್ನೊಂದು ಬದಿಯಲ್ಲಿ ಕಾಪು ದೀಪಸ್ತಂಭವೋ, ಯಾವುದೋ ಬಂಡೆಯೋ ಸಿಕ್ಕರೆ ಎರಡನೇ ಗೆರೆ. ಎರಡೂ ಸೇರುವ ಜಾಗದಲ್ಲಿ ಬಲೆ. ಆಳವನ್ನು ಮಾರು ಲೆಕ್ಕದಲ್ಲಿ ಅಳೀತಿದ್ದರು. ನೀರಿನ ಬಣ್ಣ, ಹಕ್ಕಿಗಳ ಗುಂಪು, ಗಾಳಿಯ ದಿಕ್ಕು, ಎಲ್ಲವೂ ಆ ನಕ್ಷೆಯ ಭಾಗ. ಅಪ್ಪ ಮಗನಿಗೆ ಕೊಟ್ಟ ಆಸ್ತಿ ಅದು. ಇವತ್ತು ಮೊಬೈಲ್‌ನಲ್ಲಿರುವ ಜಿಪಿಎಸ್ ಕೂಡ ಮಾಡೋದು ಅದೇ ಥರದ ಕೆಲಸ. ಗುಡ್ಡದ ಬದಲು ಉಪಗ್ರಹ, ಅಷ್ಟೇ ವ್ಯತ್ಯಾಸ.

ಆ ಕಾಲದಲ್ಲಿ ಕರಾವಳಿಯ ರಾಜ ಅಂದರೆ ರಂಪಣಿ ಬಲೆ. ಬೂತಾಯಿ, ಬಂಗುಡೆಯ ಹಿಂಡು ದಡಕ್ಕೆ ಬಂದಾಗ ದೋಣಿಯಲ್ಲಿ ಹೋಗಿ ಬಲೆ ಸುತ್ತು ಹಾಕಿ, ದಡದಲ್ಲಿ ನಿಂತು ಹತ್ತಾರು ಜನ ಎಳೆಯೋದು. ಊರಿಗೆ ಊರೇ ಎಳೀತಿತ್ತು, ಪಾಲು ಊರಿಗೇ ಹೋಗ್ತಿತ್ತು. ಆಮೇಲೆ ಬಂತು ಯಂತ್ರ. 1952ರಲ್ಲಿ ಭಾರತ ಮತ್ತು ನಾರ್ವೆ ನಡುವೆ ಒಪ್ಪಂದವಾಗಿ, ಮರು ವರ್ಷ ಕೇರಳದ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರುವಾಯಿತು. ಮುಂದೆ ಅದು ನಮ್ಮ ಕಾರವಾರಕ್ಕೂ ಬಂತು. ದೋಣಿಗೆ ಎಂಜಿನ್, ಹಿಂದೆ ಟ್ರಾಲ್ ಬಲೆ. ಸಿಗಡಿ ಡಾಲರ್ ತಂದುಕೊಟ್ಟಿತು. 70ರ ದಶಕದ ಮಧ್ಯದಲ್ಲಿ ಕರ್ನಾಟಕಕ್ಕೆ ಪರ್ಸೀನ್ ಬೋಟು ಬಂತು. ದಡಕ್ಕೆ ಬರುವ ಹಿಂಡನ್ನು ಕಡಲಿನಲ್ಲೇ ಸುತ್ತುಹಾಕಿ ಎತ್ತುವ ಬಲೆ. ಹಿಂಡು ದಡಕ್ಕೆ ಬರೋದೇ ನಿಂತ ಮೇಲೆ ರಂಪಣಿ ಎಳೆಯೋರು ಏನು ಎಳೀಬೇಕು? ಪಕ್ಕದ ಗೋವಾದಲ್ಲಿ ರಾಂಪೊಣ್‌ಕಾರರು ಟ್ರಾಲರ್‌ಗಳ ವಿರುದ್ಧ ಬೀದಿಗಿಳಿದರು. ಆ ಹೊಡೆದಾಟದ ನಂತರವೇ ಒಂದೊಂದಾಗಿ ಕಾನೂನು ಬಂದದ್ದು. ಗೋವಾ ಮತ್ತು ಕೇರಳದಲ್ಲಿ 1980ರ ಹೊತ್ತಿಗೆ, ಕರ್ನಾಟಕದಲ್ಲಿ 1986ರಲ್ಲಿ. ದಡದ ಹತ್ತಿರದ ನೀರು ಸಣ್ಣವರಿಗೆ, ದೊಡ್ಡ ಬೋಟಿನವರು ಆಚೆ ಹೋಗಿ ಅನ್ನೋದು ಆ ಕಾನೂನುಗಳ ಸಾರ.

ಒಳ್ಳೆ ಕಾನೂನು. ಆದರೆ ಗೆರೆ ಎಲ್ಲಿದೆ? ನೀರಿನ ಮೇಲೆ ಬಿಳಿ ಪಟ್ಟಿ ಹೊಡೆಯೋಕಾಗುತ್ತಾ? ರಾತ್ರಿ ಎರಡು ಗಂಟೆಗೆ ಒಂದು ಟ್ರಾಲರ್ ಆ ಗೆರೆಯ ಒಳಗಿತ್ತಾ ಹೊರಗಿತ್ತಾ ಅಂತ ಸಾಕ್ಷಿ ಹೇಳೋರು ಯಾರು? ನಾಡದೋಣಿಯವನ ಬಲೆ ಹರಿದು ಹೋದರೆ ಹರಿದವನು ಯಾರು ಅಂತ ತೋರಿಸೋದು ಹೇಗೆ? ಕಾನೂನು ಕಾಗದದಲ್ಲಿತ್ತು, ಗೆರೆಯೂ ಕಾಗದದಲ್ಲೇ ಉಳೀತು.

ಅಷ್ಟರಲ್ಲಿ ಜಗತ್ತಿನ ಗೆರೆಗಳು ದೂರ ದೂರ ಹೋಗ್ತಾ ಇದ್ದವು. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್, ನಮ್ಮ ತೀರಕ್ಕೆ ಅಂಟಿಕೊಂಡಿರುವ ಸಮುದ್ರದ ತಳದ ಸಂಪತ್ತು ನಮ್ಮದು ಅಂದರು. 1947ರಲ್ಲಿ ಚಿಲಿ, ಪೆರು ದೇಶಗಳು ಒಂದು ಹೆಜ್ಜೆ ಮುಂದೆ ಹೋಗಿ 200 ಮೈಲಿ ನಮ್ಮದು ಅಂದವು. ಐಸ್‌ಲ್ಯಾಂಡ್ ಅನ್ನೋ ಪುಟ್ಟ ದೇಶ ನೋಡಿ. 1958ರಲ್ಲಿ 12 ಮೈಲಿ, 1972ರಲ್ಲಿ 50, 1975ರಲ್ಲಿ 200. ಬ್ರಿಟನ್ ಯುದ್ಧನೌಕೆ ಕಳಿಸಿತು. ಐಸ್‌ಲ್ಯಾಂಡಿನ ಕಾವಲು ಹಡಗುಗಳು ಬ್ರಿಟಿಷ್ ಟ್ರಾಲರ್‌ಗಳ ಬಲೆಯ ಹಗ್ಗವನ್ನೇ ಕತ್ತರಿಸಿದವು. ಇತಿಹಾಸದಲ್ಲಿ ಇದಕ್ಕೆ ಕಾಡ್ ಯುದ್ಧ ಅಂತ ಹೆಸರು. ಕಾಡ್ ಅಂದರೆ ಒಂದು ಮೀನು. 1976ರಲ್ಲಿ ಸೋತಿದ್ದು ಯಾರು? ಒಂದು ಕಾಲದಲ್ಲಿ ಸಮುದ್ರಗಳನ್ನೇ ಆಳಿದ ಬ್ರಿಟನ್!

ಅದೇ 1976ರಲ್ಲಿ ಭಾರತವೂ ಕಡಲ ವಲಯಗಳ ಕಾಯ್ದೆ ಮಾಡಿತು. 12 ನಾಟಿಕಲ್ ಮೈಲಿ, ಅಂದರೆ 22 ಕಿಲೋಮೀಟರ್‌ವರೆಗೆ ನಮ್ಮ ಪ್ರಾದೇಶಿಕ ಸಮುದ್ರ. 200 ನಾಟಿಕಲ್ ಮೈಲಿ, ಅಂದರೆ 370 ಕಿಲೋಮೀಟರ್‌ವರೆಗೆ ವಿಶೇಷ ಆರ್ಥಿಕ ವಲಯ. 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಇಡೀ ಪ್ರಪಂಚಕ್ಕೆ ಇದೇ ಅಳತೆ ಹಾಕಿತು, 1994ರಲ್ಲಿ ಜಾರಿಗೆ ಬಂತು. ಇದರಿಂದ ಭಾರತಕ್ಕೆ ಸಿಕ್ಕಿದ್ದು 20 ಲಕ್ಷ ಚದರ ಕಿಲೋಮೀಟರ್‌ಗೂ ಹೆಚ್ಚು ನೀರು. ಕರ್ನಾಟಕದ ಹತ್ತು ಪಟ್ಟು! ಅಷ್ಟು ದೊಡ್ಡ ಜಾಗವನ್ನು ಕಾಯೋದು ಹೇಗೆ? ಫಿರಂಗಿ ಗುಂಡು ಅಷ್ಟು ದೂರ ಹೋಗಲ್ಲ. ಇಲ್ಲಿಂದ ಶುರುವಾಗುತ್ತೆ ಉಪಗ್ರಹದ ಕಥೆ.

ಉಪಗ್ರಹ ಮೊದಲು ಬಂದದ್ದು ಕಾವಲಿಗಲ್ಲ, ಮೀನು ಹುಡುಕೋದಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಉಪಗ್ರಹಕ್ಕೆ ನೀರಿನೊಳಗಿನ ಮೀನು ಕಾಣಿಸಲ್ಲ. ಅದಕ್ಕೆ ಕಾಣಿಸೋದು ಎರಡು ವಿಷಯ. ಒಂದು, ಸಮುದ್ರದ ಮೇಲ್ಮೈ ಎಷ್ಟು ಬಿಸಿ ಇದೆ ಅನ್ನೋದು. ಎರಡು, ನೀರು ಎಷ್ಟು ಹಸಿರಾಗಿದೆ ಅನ್ನೋದು. ತಣ್ಣನೆ ನೀರು ಮತ್ತು ಬೆಚ್ಚನೆ ನೀರು ಸೇರುವ ಅಂಚಿನಲ್ಲಿ ಪೋಷಕಾಂಶ ಮೇಲೆ ಬರುತ್ತೆ, ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ. ಅದನ್ನು ತಿನ್ನೋಕೆ ಸಣ್ಣ ಜೀವಿ ಬರುತ್ತೆ, ಅದರ ಹಿಂದೆ ಬೂತಾಯಿ, ಬೂತಾಯಿ ಹಿಂದೆ ದೊಡ್ಡ ಮೀನು. ಹುಲ್ಲು ಎಲ್ಲಿದೆ ಅಂತ ಗೊತ್ತಾದರೆ ದನ ಎಲ್ಲಿರುತ್ತೆ ಅಂತ ಗೊತ್ತಾಗಲ್ವಾ, ಹಾಗೆ. ಹೈದರಾಬಾದಿನಲ್ಲಿ 1999ರಲ್ಲಿ ಶುರುವಾದ ಇನ್‌ಕಾಯಿಸ್ ಸಂಸ್ಥೆ ಈ ಲೆಕ್ಕ ಹಾಕಿ, ಇಂಥ ಬಂದರಿನಿಂದ ಇಂಥ ದಿಕ್ಕಿಗೆ ಇಷ್ಟು ಕಿಲೋಮೀಟರ್, ಅಲ್ಲಿ ಆಳ ಇಷ್ಟು ಅಂತ ಮೀನುಗಾರರಿಗೆ ಸೂಚನೆ ಕೊಡುತ್ತೆ. ಕನ್ನಡದಲ್ಲೂ ಕೊಡುತ್ತೆ. ಮೀನುಗಾರಿಕೆ ನಿಷೇಧದ ಸಮಯದಲ್ಲಿ ಕೊಡಲ್ಲ. ಅಲೆದಾಟ ಕಡಿಮೆ, ಡೀಸೆಲ್ ಉಳಿತಾಯ.

ಆದರೆ ಇಲ್ಲೊಂದು ಎಚ್ಚರಿಕೆ ಇದೆ. ಮೀನು ಎಲ್ಲಿದೆ ಅಂತ ತೋರಿಸೋ ನಕ್ಷೆ ಮೀನನ್ನು ಮುಗಿಸೋದಕ್ಕೂ ದಾರಿ ತೋರಿಸುತ್ತೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಐದು ನೂರು ವರ್ಷ ಕಾಡ್ ಮೀನು ಹಿಡಿದಿದ್ದರು. ಸೋನಾರ್ ಬಂತು, ದೊಡ್ಡ ಟ್ರಾಲರ್ ಬಂತು, ಹಿಂಡು ಎಲ್ಲಿ ಅಡಗಿದರೂ ಸಿಗೋ ಹಾಗಾಯಿತು. 1992ರ ಜುಲೈನಲ್ಲಿ ಸರ್ಕಾರವೇ ಮೀನುಗಾರಿಕೆ ನಿಲ್ಲಿಸಬೇಕಾಯಿತು. ಕಡಲಲ್ಲಿ ಹಿಡಿಯೋಕೆ ಮೀನೇ ಉಳಿದಿರಲಿಲ್ಲ. ಸುಮಾರು 30 ಸಾವಿರ ಜನ ಕೆಲಸ ಕಳಕೊಂಡರು. ಅವರ ಹತ್ತಿರ ಯಂತ್ರ ಇರಲಿಲ್ಲ ಅಂತಲ್ಲ, ನಿಲ್ಲಿಸೋ ಬುದ್ಧಿ ಸಮಯಕ್ಕೆ ಬರಲಿಲ್ಲ.

ನಮ್ಮಲ್ಲಿ ಬೋಟುಗಳ ಮೇಲೆ ಕಣ್ಣಿಡುವ ಮಾತು ಜೋರಾಗಿದ್ದು ಒಂದು ದುರಂತದ ನಂತರ. 2008ರ ನವೆಂಬರ್ 26. ಮುಂಬೈಗೆ ಬಂದ ಹತ್ತು ಉಗ್ರರು ಬಂದದ್ದು ಯಾವುದರಲ್ಲಿ? ಕುಬೇರ್ ಎಂಬ ಗುಜರಾತಿನ ಮೀನುಗಾರಿಕಾ ಬೋಟಿನಲ್ಲಿ. ಬೋಟಿನಲ್ಲಿದ್ದ ಬಡ ಮೀನುಗಾರರನ್ನು ಕೊಂದು, ಅದೇ ಬೋಟಿನಲ್ಲಿ ನಮ್ಮ ಆರ್ಥಿಕ ರಾಜಧಾನಿಯ ಬಾಗಿಲಿಗೆ ಬಂದರು. ಸಾವಿರಾರು ಬೋಟುಗಳ ನಡುವೆ ಒಂದು ಬೋಟು ಅಪಹರಣ ಆಗಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಅದಾದ ಮೇಲೆ ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡ್ ಬಂತು, ಬೋಟಿಗೆ ಬಣ್ಣದ ಕೋಡ್ ಬಂತು, ಕರಾವಳಿ ರಡಾರ್ ಬಂತು, ದೀಪಸ್ತಂಭಗಳ ಮೇಲೆ ಎಐಎಸ್ ರಿಸೀವರ್ ಬಂತು. 20 ಮೀಟರ್‌ಗಿಂತ ಉದ್ದದ ಬೋಟುಗಳಿಗೆ ಎಐಎಸ್ ಉಪಕರಣ ಇರಲೇಬೇಕು ಅಂದರು.

ಏನಿದು ಎಐಎಸ್? ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು ಅಂತ ಮಾಡಿದ ವ್ಯವಸ್ಥೆ. ನಾನು ಇಂಥವನು, ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಈ ಕಡೆ ಹೋಗ್ತಾ ಇದ್ದೇನೆ ಅಂತ ರೇಡಿಯೋದಲ್ಲಿ ಪದೇ ಪದೇ ಕೂಗಿ ಹೇಳೋ ಪೆಟ್ಟಿಗೆ. ಈ ಕೂಗು ಉಪಗ್ರಹಕ್ಕೂ ಕೇಳಿಸುತ್ತೆ ಅಂತ ಆಮೇಲೆ ಗೊತ್ತಾಯಿತು. 2016ರಲ್ಲಿ ಗ್ಲೋಬಲ್ ಫಿಶಿಂಗ್ ವಾಚ್ ಅನ್ನೋ ವೇದಿಕೆ ಶುರುವಾಯಿತು. ಗೂಗಲ್ ಕೂಡ ಅದರಲ್ಲಿ ಪಾಲುದಾರ. ಹಡಗು ಓಡುವ ರೀತಿ ನೋಡಿಯೇ ಅದು ಮೀನು ಹಿಡೀತಿದೆಯಾ, ಸುಮ್ಮನೆ ಹೋಗ್ತಿದೆಯಾ ಅಂತ ಕಂಪ್ಯೂಟರ್ ಹೇಳುತ್ತೆ. ಟ್ರಾಲರ್ ಬಲೆ ಎಳೆಯುವಾಗ ನಿಧಾನವಾಗಿ ಹೋಗುತ್ತೆ, ಹೋಗಿ ತಿರುಗಿ ಬರುತ್ತೆ, ಉಳುಮೆ ಮಾಡಿದ ಹಾಗೆ. ಆ ಗೆರೆಗಳೆಲ್ಲ ಸೇರಿ ಒಂದು ನಕ್ಷೆ. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪ್ರಪಂಚದ ಸಾಗರಗಳ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ದೊಡ್ಡ ಹಡಗುಗಳ ಮೀನುಗಾರಿಕೆ ನಡೀತಾ ಇದೆ.

ಪೆಟ್ಟಿಗೆಯನ್ನು ಆಫ್ ಮಾಡಿದರೆ? ಕಳ್ಳರು ಮಾಡೋದೇ ಅದು. ಜಪಾನಿನ ತೀರಕ್ಕೆ ಕೆಲವು ವರ್ಷ ಉತ್ತರ ಕೊರಿಯಾದ ಮರದ ದೋಣಿಗಳು ತೇಲಿಬರ್ತಾ ಇದ್ದವು. ಒಳಗೆ ಮೀನುಗಾರರ ಹೆಣ. ಯಾಕೆ ಅಷ್ಟು ದೂರ ಬಂದರು ಅನ್ನೋದು ದೊಡ್ಡ ಒಗಟಾಗಿತ್ತು. 2020ರಲ್ಲಿ ವಿಜ್ಞಾನಿಗಳು ರಡಾರ್ ಉಪಗ್ರಹದ ಚಿತ್ರ, ರಾತ್ರಿ ಬೆಳಕಿನ ಚಿತ್ರ ಎಲ್ಲ ಜೋಡಿಸಿ ನೋಡಿದಾಗ ಬಯಲಾಯಿತು. 2017ರಲ್ಲಿ ಚೀನಾ ಮೂಲದ 900ಕ್ಕೂ ಹೆಚ್ಚು ಹಡಗುಗಳು ಉತ್ತರ ಕೊರಿಯಾದ ನೀರಿನಲ್ಲಿ ಸ್ಕ್ವಿಡ್, ಅಂದರೆ ನಾವು ಬೊಂಡಾಸ್ ಅಂತೀವಲ್ಲ ಅದನ್ನು, ಕದ್ದು ಹಿಡೀತಾ ಇದ್ದವು. ತಮ್ಮ ನೀರಿನಲ್ಲಿ ಜಾಗ ಸಿಗದ ಬಡವರು ಸಣ್ಣ ದೋಣಿಯಲ್ಲಿ ಇನ್ನೂ ದೂರಕ್ಕೆ ಹೋಗಿ ಪ್ರಾಣ ಬಿಡ್ತಾ ಇದ್ದರು. ದೊಡ್ಡವನು ಗೆರೆ ದಾಟಿದರೆ ಸಾಯೋದು ಸಣ್ಣವನು. ಮುಂದೆ 2024ರ ಒಂದು ಅಧ್ಯಯನ ಹೇಳಿತು: ಜಗತ್ತಿನ ದೊಡ್ಡ ಮೀನುಗಾರಿಕಾ ಹಡಗುಗಳಲ್ಲಿ ಸುಮಾರು ಮುಕ್ಕಾಲು ಭಾಗ ಸಾರ್ವಜನಿಕ ನಕ್ಷೆಯಲ್ಲಿ ಕಾಣಿಸೋದೇ ಇಲ್ಲ. ಹಾಗೆ ಕಾಣಿಸದ ಹಡಗುಗಳು ಹೆಚ್ಚಿರುವ ಜಾಗಗಳಲ್ಲಿ ಆಫ್ರಿಕಾದ ಜೊತೆ ದಕ್ಷಿಣ ಏಷ್ಯಾದ ಹೆಸರೂ ಇದೆ.

ಹಾಗಾದರೆ ಎಲ್ಲರಿಗೂ ಉಪಕರಣ ಕೂರಿಸಿಬಿಟ್ಟರೆ ಸಮಸ್ಯೆ ಮುಗೀತಾ? ಅದೂ ಇಲ್ಲ. ರಾಮೇಶ್ವರದ ಕಡೆ ನೋಡಿ. 1974 ಮತ್ತು 76ರ ಒಪ್ಪಂದಗಳಲ್ಲಿ ಭಾರತ ಮತ್ತು ಶ್ರೀಲಂಕಾ ನಡುವೆ ಗೆರೆ ಎಳೆದರು, ಕಚ್ಚತೀವು ಆ ಕಡೆ ಹೋಯಿತು. ತಮಿಳುನಾಡಿನ ಬೋಟುಗಳಲ್ಲಿ ಜಿಪಿಎಸ್ ಇದೆ. ಗೆರೆ ಎಲ್ಲಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಆದರೂ ದಾಟ್ತಾರೆ, ಬಂಧನಕ್ಕೆ ಒಳಗಾಗ್ತಾರೆ. ಯಾಕೆಂದರೆ ಈ ಕಡೆ ಬೋಟು ಜಾಸ್ತಿ, ಮೀನು ಕಡಿಮೆ. ಆ ಕಡೆ ಯುದ್ಧದಲ್ಲಿ ನಲುಗಿದ ಶ್ರೀಲಂಕಾದ ತಮಿಳು ಮೀನುಗಾರ, ತನ್ನ ಬಲೆಯನ್ನು ಈ ಕಡೆಯ ಟ್ರಾಲರ್ ಹರೀತು ಅಂತ ಅಳ್ತಾನೆ. ಇಬ್ಬರದ್ದೂ ಒಂದೇ ಭಾಷೆ, ಒಂದೇ ಹಸಿವು. ನಕ್ಷೆ ಗೆರೆ ತೋರಿಸುತ್ತೆ, ಅನ್ನ ತೋರಿಸಲ್ಲ.

ಗೆರೆಯನ್ನು ಸರಿಯಾಗಿ ಎಳೆದ ಉದಾಹರಣೆಯೇ ಇಲ್ಲವಾ? ಇದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್. ಮೊದಲು ಅಲ್ಲಿ ಮೀನು ಹಿಡಿಯಬಾರದ ಜಾಗ ಶೇಕಡಾ 5ಕ್ಕಿಂತ ಕಡಿಮೆ ಇತ್ತು. ಇಡೀ ಹವಳದ ಸಾಲನ್ನೂ ಅದರ ಸುತ್ತಲ ತಳವನ್ನೂ ಅಧ್ಯಯನ ಮಾಡಿ 70 ಜೈವಿಕ ಪ್ರದೇಶಗಳಾಗಿ ವಿಂಗಡಿಸಿದರು. ಕಂಪ್ಯೂಟರ್‌ನಲ್ಲಿ ನೂರಾರು ರೀತಿ ಗೆರೆ ಎಳೆದು, ಪ್ರಕೃತಿ ಹೆಚ್ಚು ಉಳಿದು ಮೀನುಗಾರರಿಗೆ ನಷ್ಟ ಕಡಿಮೆ ಆಗೋ ನಕ್ಷೆ ಯಾವುದು ಅಂತ ಹುಡುಕಿದರು. ಆಮೇಲೆ ಅದನ್ನು ಜನರ ಮುಂದೆ ಇಟ್ಟರು. 31 ಸಾವಿರಕ್ಕೂ ಹೆಚ್ಚು ಅಭಿಪ್ರಾಯ ಬಂತು. ಗೆರೆಗಳನ್ನು ತಿದ್ದಿದರು. 2004ರ ಜುಲೈ 1ರಿಂದ ಶೇಕಡಾ 33 ಭಾಗದಲ್ಲಿ ಮೀನುಗಾರಿಕೆ ಬಂದ್. ಜಾಗ ಕಳಕೊಂಡವರಿಗೆ ಸರ್ಕಾರ ಹಣ ಕೊಟ್ಟಿತು. ಮುಂದೆ ಸಂಶೋಧಕರು ಲೆಕ್ಕ ಹಾಕಿದಾಗ ರಕ್ಷಿತ ಜಾಗದ ಹವಳ ದಂಡೆಗಳಲ್ಲಿ ಬೆಲೆಬಾಳುವ ಮೀನು ಹೆಚ್ಚಾಗಿತ್ತು. ಅಲ್ಲೂ ಸಿಟ್ಟಿತ್ತು, ಜಗಳ ಇತ್ತು. ಆದರೆ ಗೆರೆ ಎಳೆಯುವ ಮೊದಲು ಕೇಳಿದರು, ಕಳಕೊಂಡವನಿಗೆ ಕೊಟ್ಟರು. ನೆನಪಿಟ್ಟುಕೊಳ್ಳಬೇಕಾದ್ದು ಈ ಎರಡು ಮಾತು.

ಈಗ ಮತ್ತೆ ನಮ್ಮ ಮನೆಗೆ ಬರೋಣ. ಸುವರ್ಣ ತ್ರಿಭುಜದ ನಂತರ ಏನಾಯಿತು? 2024ರ ಆಗಸ್ಟ್ 30ರಂದು ಪ್ರಧಾನಿ ಒಂದು ಯೋಜನೆಗೆ ಚಾಲನೆ ಕೊಟ್ಟರು. 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ಬೋಟುಗಳಿಗೆ ಇಸ್ರೋ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್. ವೆಚ್ಚ ಸುಮಾರು 364 ಕೋಟಿ, ಮೀನುಗಾರರಿಗೆ ಉಚಿತ. ಮೊಬೈಲ್ ಸಿಗ್ನಲ್ ಸಿಗದ ಜಾಗದಿಂದಲೂ ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸಬಹುದು. ದಡದಿಂದ ಚಂಡಮಾರುತದ ಎಚ್ಚರಿಕೆ ಬೋಟಿಗೆ ಹೋಗುತ್ತೆ. ಗಡಿ ಹತ್ತಿರ ಬಂದರೆ ಹೇಳುತ್ತೆ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿಶೇಷ ಆರ್ಥಿಕ ವಲಯದ ಮೀನುಗಾರಿಕೆಗೆ ಹೊಸ ನಿಯಮ ತಂದಿತು. ಯಾಂತ್ರೀಕೃತ ಬೋಟುಗಳು ಅಲ್ಲಿಗೆ ಹೋಗಬೇಕಾದರೆ ಆನ್‌ಲೈನ್‌ನಲ್ಲಿ ಪಾಸು ಪಡೀಬೇಕು. ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ. ಲೈಟ್ ಫಿಶಿಂಗ್, ಬುಲ್ ಟ್ರಾಲ್ ಬಂದ್.

ಪಾಸು ಅಂದ ಕೂಡಲೇ ನಿಮಗೆ ಕಾರ್ತಾಜ್ ನೆನಪಾಯಿತಾ? ನನಗಂತೂ ಆಯಿತು. ಆದರೆ ಎರಡೂ ಒಂದೇ ಅಲ್ಲ. ಅದು ಹೊರಗಿನವನು ಫಿರಂಗಿ ತೋರಿಸಿ ಕೊಟ್ಟ ಚೀಟಿ. ಇದು ನಾವೇ ಆರಿಸಿದ ಸರ್ಕಾರ ಕೊಡೋದು, ಮೀನು ಉಳಿಯಲಿ ಅಂತ ಕೊಡೋದು. ಹಾಗಂತ ದಕ್ಕೆಯಲ್ಲಿ ನಿಂತ ತಾಂಡೇಲನ ಅನುಮಾನವನ್ನೂ ತಳ್ಳಿಹಾಕಬೇಡಿ. ಅವನು ಕೇಳ್ತಾನೆ: ನನ್ನ ಬೋಟು ಎಲ್ಲಿದೆ ಅಂತ ನಿಮಗೆ ಗೊತ್ತಾಗುತ್ತೆ ಸರಿ. ಅಪ್ಪನ ಕಾಲದಿಂದ ಗುಟ್ಟಾಗಿಟ್ಟ ಜಾಗ ಇನ್ನು ಯಾರ್ಯಾರಿಗೆ ಗೊತ್ತಾಗುತ್ತೆ? ನಾನು ಗೆರೆ ದಾಟಿದರೆ ದಂಡ ಹಾಕೋ ಯಂತ್ರ, ನಾನು ಮುಳುಗಿದಾಗ ಅಷ್ಟೇ ಬೇಗ ಹೆಲಿಕಾಪ್ಟರ್ ಕಳಿಸುತ್ತಾ? ದೊಡ್ಡ ಹಡಗು ನನ್ನ ಬಲೆ ಹರಿದರೆ ಆ ನಕ್ಷೆ ನನ್ನ ಪರ ಸಾಕ್ಷಿ ಹೇಳುತ್ತಾ?

ಈ ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು. ಯಾಕೆಂದರೆ ನಮ್ಮ ಸುಮಾರು 320 ಕಿಲೋಮೀಟರ್ ಕರಾವಳಿಯ ಮುಂದಿನ ನೀರಿಗೆ ಈಗ ಹಕ್ಕುದಾರರು ಬಹಳ. ಕಾರವಾರದಲ್ಲಿ ನೌಕಾನೆಲೆ ಇದೆ. ದೇಶಕ್ಕೆ ಅದು ಬೇಕು, ಆದರೆ ಅದಕ್ಕಾಗಿ ಊರು, ಕಡಲು ಎರಡನ್ನೂ ಬಿಟ್ಟುಕೊಟ್ಟವರು ಅಲ್ಲಿನ ಜನ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳ ಇದೆ, ಸ್ಕೂಬಾ ಪ್ರವಾಸಿಗರಿದ್ದಾರೆ, ಮೀನುಗಾರರಿದ್ದಾರೆ, ನೌಕಾಪಡೆಯ ಗುರಿ ಅಭ್ಯಾಸಕ್ಕೂ ಅದೇ ದ್ವೀಪ. ಹೊನ್ನಾವರದ ಹತ್ತಿರ ಅಪ್ಸರಕೊಂಡದಲ್ಲಿ ಕಡಲಧಾಮ ಘೋಷಣೆ ಆಗಿದೆ. ಹೊಸ ಬಂದರು, ಹಡಗಿನ ದಾರಿ, ಮೀನಿನ ಪಂಜರ ಕೃಷಿ, ಎಲ್ಲಕ್ಕೂ ಅದೇ ನೀರು ಬೇಕು. ಇದನ್ನೆಲ್ಲ ಒಂದೇ ನಕ್ಷೆಯಲ್ಲಿ ಕೂರಿಸೋ ಕೆಲಸಕ್ಕೆ ಕಡಲ ಪ್ರದೇಶ ಯೋಜನೆ ಅಂತ ಹೆಸರು. ಪುದುಚೇರಿ ಮತ್ತು ಲಕ್ಷದ್ವೀಪದಲ್ಲಿ ಪ್ರಯೋಗ ಶುರುವಾಗಿದೆ. ಸಹಾಯಕ್ಕೆ ಬಂದ ದೇಶ ಯಾವುದು ಗೊತ್ತಾ? ಅದೇ ನಾರ್ವೆ. ಎಪ್ಪತ್ತು ವರ್ಷದ ಹಿಂದೆ ಮೀನು ಹೆಚ್ಚು ಹಿಡಿಯೋದು ಹೇಗೆ ಅಂತ ಕಲಿಸಿದ ದೇಶ, ಈಗ ಕಡಲನ್ನು ಹಂಚಿಕೊಂಡು ಉಳಿಸೋದು ಹೇಗೆ ಅಂತ ಹೇಳಿಕೊಡ್ತಾ ಇದೆ.

ಐದು ನೂರು ವರ್ಷದ ಈ ಕಥೆಯಲ್ಲಿ ಗೆರೆ ಎಳೆದವರು ರಾಜರು, ವಕೀಲರು, ಅಧ್ಯಕ್ಷರು, ಸೇನಾಧಿಕಾರಿಗಳು. ಗೆರೆಯ ಮೇಲೆ ಬದುಕಿದವರು ಮೀನುಗಾರರು. ಅವರನ್ನು ಕೇಳಿ ಎಳೆದ ಗೆರೆಗಳು ಬೆರಳೆಣಿಕೆ. ಕರ್ನಾಟಕದ ಕಡಲಿನ ನಕ್ಷೆ ಒಂದು ದಿನ ಬರುತ್ತೆ, ಅನುಮಾನವೇ ಬೇಡ. ಅದು ರಾಜಧಾನಿಯ ಎಸಿ ರೂಮಿನಲ್ಲಿ ಮಾತ್ರ ತಯಾರಾಗಬಾರದು. ಮಲ್ಪೆಯ ಬೋಟಿನವರು, ಗಂಗೊಳ್ಳಿಯ ನಾಡದೋಣಿಯವರು, ಭಟ್ಕಳ, ತದಡಿಯ ಕಲಾಸಿಗಳು, ಮೀನು ಮಾರುವ ಹೆಂಗಸರು ಆ ಮೇಜಿನ ಸುತ್ತ ಕೂತಿರಬೇಕು. ತೆಂಗಿನ ತೋಪು ಮತ್ತು ಗುಡ್ಡ ಹೊಂದಿಸಿ ನೋಡ್ತಿದ್ದ ಆ ಹಳೆಯ ನಕ್ಷೆಯೂ ಹೊಸ ನಕ್ಷೆಯೊಳಗೆ ಸೇರಬೇಕು.

ಆ ಏಳು ಜನರ ಮನೆಯವರಿಗೆ ನಾಲ್ಕೂವರೆ ತಿಂಗಳು ನಾವು ತೋರಿಸಿದ್ದು ನೀಲಿ ಬಣ್ಣ ಮತ್ತು ಒಂದು ಪ್ರಶ್ನಾರ್ಥಕ ಚಿಹ್ನೆ. ಇನ್ನೊಂದು ಬೋಟು ತಡವಾದ ರಾತ್ರಿ, ಇನ್ನೊಬ್ಬ ತಾಯಿ ಬಂದರಿನಲ್ಲಿ ನಿಂತು ನನ್ನ ಮಗ ಎಲ್ಲಿ ಅಂತ ಕೇಳಿದಾಗ, ಅವಳ ಕೈಗೆ ಒಂದು ಉತ್ತರ ಸಿಗಬೇಕು. ನಕ್ಷೆ ಇರಬೇಕಾದ್ದು ಮೊದಲು ಅದಕ್ಕೆ. ಉಳಿದದ್ದೆಲ್ಲ ಆಮೇಲೆ.